ಬದುವಿಗೆ ಹೊಡೆದ ಔಷಧಿ

ಅಜ್ಜಿ ನನ್ನನ್ನು ನಮ್ಮ ಹೋರಿಯ ಹೆಸರು ಹಿಡಿದು ಕರೆಯಲು ಶುರುಮಾಡಿದಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಅವಮಾನವಾಗಿದ್ದು ಹೋರಿಗೆ ಮಾತ್ರ.

"ವಯಸ್ಸಾಯ್ತು, ಬುಡ್ಲಾ" ಎಂದ ಅಪ್ಪ.

ನಾನು ಬಿಡುವವನೇ? ಭಾರತೀನಗರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಒಂಟಿ ಕಾಲಲ್ಲಿ ನೇತಾಡುತ್ತಲೇ ಫೋನು ನೋಡಿ ಅರ್ಧ ಡಾಕ್ಟರಾಗಿದ್ದೆ. ಒಂದೆಲಗದ ಸೊಪ್ಪು ಮಿದುಳಿನ ಉರಿಯೂತವನ್ನು ತಗ್ಗಿಸಬಹುದಂತೆ. ಆ 'ಬಹುದಂತೆ'ಯನ್ನು ನುಂಗಿಕೊಂಡು ಮಿಕ್ಕಿದ್ದನ್ನು ಊರಿಗೆಲ್ಲ ಭಾಷಣ ಮಾಡಿದೆ.

"ಅಜ್ಜಿ, ನಿನ್ ಮಿದುಳಲ್ಲಿ ಉರಿಯೂತ ಅದೆ ಕಣಜ್ಜಿ."

"ಅಲ್ಲೆಲ್ಲಿ ಉರೀತದ್ಲಾ? ನಿಮ್ಮವ್ವನ್ನ ಕಂಡ್ರೆ ಒಟ್ಟೆ ಉರೀತದೆ, ಅಷ್ಟೆಯಾ."

ನಾಲೆ ನೀರು ಒಸರುವ ನಮ್ಮ ಗದ್ದೆಯ ಬದುವಿನಲ್ಲಿ ಒಂದೆಲಗ ಚಾಪೆ ಹಾಸಿದಂತೆ ಬೆಳೆದಿತ್ತು. ಬೆಳಿಗ್ಗೆ ಅಜ್ಜಿಯನ್ನು ಕರೆದೊಯ್ದು ಕಿತ್ತು ತರುತ್ತಿದ್ದೆ. ಅವ್ವ ಗೊಣಗುತ್ತಾ ಚಟ್ನಿ ಅರೆಯುತ್ತಿದ್ದಳು. ಒಂದು ದಿನ ಮುದ್ದೆ ಮುರಿಯುತ್ತಾ ಅಜ್ಜಿ ನನ್ನ ನಿಜವಾದ ಹೆಸರನ್ನೇ ಕೂಗಿದಳು! ಸೊಪ್ಪಿನಿಂದಲೋ, ಸುಮ್ಮನೆಯೋ, ಯಾರಿಗೆ ಗೊತ್ತು? ಮಂಡ್ಯದ ಆಸ್ಪತ್ರೆಗಳಿಗೆಲ್ಲ ಬೀಗ ಹಾಕಿಸುವವನಂತೆ ಎದೆಯುಬ್ಬಿಸಿ ಓಡಾಡಿದೆ.

ಆಮೇಲೆ ಪರೀಕ್ಷೆ ಬಂತು. ಮುಗಿಸಿಕೊಂಡು ಅಜ್ಜಿಯ ಜೊತೆ ಹೋದರೆ ಬದು ಪೂರ್ತಿ ಹಳದಿ. ಎಲೆಗಳು ಬಿಸಿನೀರು ಹುಯ್ದಂತೆ ಮುದುಡಿದ್ದವು. ಅಪ್ಪ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಪಕ್ಕದ ಬದುವಿನಲ್ಲಿ ನಿಂತಿದ್ದ.

"ಏನಪ್ಪ ಮಾಡ್ದೆ?"

"ಕಳೆ ಅಬ್ಕಂಡಿತ್ತು ಕಣ್ಲಾ. ಮೊನ್ನೆ ಔಷ್ದಿ ಒಡ್ದೆ."

"ಅಜ್ಜಿ ಸೊಪ್ಪು ಅಂತ ಏಳಿರ್ನಿಲ್ವಾ?"

"ನೀನ್ ಏಳಿದ್ದೆಲ್ಲ ಕೇಳ್ತಾ ಕುಂತ್ರೆ ಗದ್ದೆ ಮಾಡ್ದಂಗೆಯಾ."

ನಮ್ಮ ಕಡೆ ಕಳೆ ಸಾಯಿಸುವ ವಿಷಕ್ಕೂ ಔಷಧಿ ಎಂದೇ ಹೆಸರು. ಅಜ್ಜಿಯ ಕಿವಿಗೆ ಬಿದ್ದದ್ದು ಆ ಒಂದೇ ಮಾತು.

"ನನ್ಗೇ ಅಂತ ಔಷ್ದಿ ಒಡ್ದವ್ನಾ ನನ್ ಮಗ?"

ಮುಖವರಳಿಸಿಕೊಂಡು ಹಳದಿ ಎಲೆಗಳನ್ನು ಬಾಚಿ ಬಾಯಿಗೆ ಒಯ್ದಳು. ಅವಳ ಕೈಗೆ ಹೊಡೆದೆ. ಎಲೆಗಳು ಉದುರಿದವು. ಅಜ್ಜಿ ಬದುವಿನ ಮೇಲೇ ಕುಕ್ಕರಿಸಿ ಅತ್ತಳು. ಅಪ್ಪ ಪಂಪು ಒತ್ತುವುದನ್ನು ನಿಲ್ಲಿಸಿದ.

ಈಗ ನಾಲೆಯ ಆಚೆ ದಡದಿಂದ ಸೊಪ್ಪು ತರುತ್ತೇನೆ. ಅಜ್ಜಿ ತಟ್ಟೆ ತಳ್ಳುತ್ತಾಳೆ. ನನ್ನನ್ನು ಕರೆಯಲು ಅವಳಿಗೆ ಈಗ ಹೋರಿಯ ಹೆಸರೂ ನೆನಪಾಗುವುದಿಲ್ಲ. ಅಚ್ಚೊತ್ತಿದಂತೆ ಉಳಿದಿರುವುದು ಒಂದೇ. ಮನೆಗೆ ಬಂದವರಿಗೆಲ್ಲ ನನ್ನ ಕಡೆ ಬೆರಳು ತೋರಿಸಿ ಹೇಳುತ್ತಾಳೆ:

"ನನ್ ಮಗ ಔಷ್ದಿ ಒಡ್ದಿದ್ದ ಕಣಮ್ಮ. ಇವ್ನು ಯಾರೋ, ತಿನ್ನಾಕೆ ಬುಡ್ನಿಲ್ಲ."