ಜೀನ್ಸ್ ಓಣಿಯ ಅಚ್ಚ ಬಿಳಿ ಹಲ್ಲುಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಯದುರ್ಗದ ಕೋಟೆ ಬೆಟ್ಟದ ಬುಡದ ಈ ಓಣಿಯಲ್ಲಿ ಹೊಲಿಗೆ ಮಿಷನ್ನುಗಳು ಆಗಲೇ ಗುರುಗುಟ್ಟುತ್ತಿವೆ. ಬಚ್ಚಲ ಕಟ್ಟೆಯ ಮುಂದೆ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತ ಹನ್ನೆರಡು ಪುಟಾಣಿಗಳ ಬಾಯಿತುಂಬ ನೊರೆ. ಎದುರಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಗುರುಬಸಮ್ಮ ತಮ್ಮ ಬಾಯನ್ನೂ ಅಗಲಿಸಿ ತೋರಿಸುತ್ತಾರೆ.

“ಮೊದ್ಲು ಹೊರಗಿನ ಹೊಲಿಗಿ... ಈಗ ಒಳಗಿನ ಹೊಲಿಗಿ... ಏ ಮಾರುತಿ, ನುಂಗಬ್ಯಾಡೋ, ಉಗುಳು!”

ಜೀನ್ಸ್ ಪ್ಯಾಂಟಿನ ಹೊಲಿಗೆಯ ಲೆಕ್ಕದಲ್ಲೇ ಇಲ್ಲಿ ಹಲ್ಲುಜ್ಜುವ ಪಾಠ. ಮಿಷನ್ನಿನ ಪಕ್ಕ ಜೋಲಿಯಲ್ಲಿ ಮಲಗಿ ಬೆಳೆದ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಗುರುಬಸಮ್ಮ ಭೈರವಾನಿತಿಪ್ಪ ಕಡೆಯ ಕುರಿ ಸಾಕುವ ಮನೆಯವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಅಲ್ಲಿನ ತಗಡಿನ ಶೆಡ್ಡಿನಲ್ಲಿ ಮಗಳು ಹುಳುಕು ಹಲ್ಲಿನಿಂದ ಕೆನ್ನೆ ಊದಿಸಿಕೊಂಡು ನರಳಿದ್ದು ಇಂದಿಗೂ ಅವರ ಕಣ್ಣಲ್ಲಿ ನೀರು ತರಿಸುತ್ತದೆ. “ಅಳದಿರ್ಲಿ ಅಂತ ದಿನಾ ಕೈಗೆ ಬಿಸ್ಕೀಟು ಕೊಟ್ಟು ಹೋಗ್ತಿದ್ನಿರಿ. ಹಲ್ಲು ತಿಕ್ಸಾಕ ಪುರುಸೊತ್ತ ಇರ್ಲಿಲ್ಲ.”

ಊರ ಕಡೆ ಮರಳಿ ರಾಯದುರ್ಗದಲ್ಲಿ ಜೀನ್ಸ್ ಹೊಲಿದರು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾದಾಗ, ಹೊಲಿಗೆಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳತೊಡಗಿದರು. ಬಂದ ಮಕ್ಕಳ ಕೈಯಲ್ಲೂ ಅದೇ ಬಿಸ್ಕೀಟು! ಲಲಿತಾಳ ನಾಲ್ಕು ವರ್ಷದ ಮಗ ಅಂಜಿನಿಯ ಮುಂದಿನ ಹಲ್ಲಿಗೆ ಕಪ್ಪು ಹತ್ತಿತ್ತು. ಅನ್ನ ಅಗಿಯುವಾಗಲೂ ಅಳುತ್ತಿದ್ದ, ಬ್ರಷ್ ಕಂಡರೆ ಇನ್ನೂ ಜೋರಾಗಿ ಅಳುತ್ತಿದ್ದ. ಇವನ ಉಳಿದ ಹಲ್ಲುಗಳನ್ನಾದರೂ ಉಳಿಸಲೇಬೇಕೆಂದು ಗುರುಬಸಮ್ಮ ಹಟ ಹಿಡಿದರು.

ಒಬ್ಬರ ಬ್ರಷ್ ಇನ್ನೊಬ್ಬರ ಬಾಯಿಗೆ ಹೋಗಬಾರದೆಂದು ಜೀನ್ಸ್ ಚಿಂದಿಯಲ್ಲಿ ಮಗುವಿಗೊಂದು ಪುಟ್ಟ ಚೀಲ ಹೊಲಿದು ಗೋಡೆಗೆ ನೇತುಹಾಕಿದರು. ಜಾಣತನವೇನೋ ಸರಿ, ಆದರೆ ಅದು ಇನ್ನೂ ವಾಶಿಂಗ್ ಕಾಣದ ಬಟ್ಟೆ. ಒದ್ದೆ ಬ್ರಷ್ಷಿಗೆ ಬಣ್ಣ ಬಿಟ್ಟು, ಮರುದಿನ ಅಷ್ಟೂ ಮಕ್ಕಳ ಬಾಯಿ ನೀಲಿ! ಜೀನ್ಸ್ ಹೊಲಿದೇ ಕೂದಲು ನರೆಸಿಕೊಂಡವರಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಓಣಿಗೆ ಓಣಿಯೇ ನಕ್ಕಿತು. ಲಲಿತಾ ಮಾತ್ರ ನಗಲಿಲ್ಲ. “ದೊಡ್ಡಮ್ಮಾ, ನಿನ್ನ ಬ್ರಶ್ಶೂ ಬ್ಯಾಡ, ನಿನ್ನ ಪಾಠಾನೂ ಬ್ಯಾಡ” ಎಂದು ಮಗನನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಗುರುಬಸಮ್ಮನಿಗೆ ಅಂದು ಅನ್ನ ಸೇರಲಿಲ್ಲ.

ಆದರೆ ಮನೆಯಲ್ಲಿ ಅಂಜಿನಿ ಕನ್ನಡಿ ಬಿಟ್ಟು ಕದಲಲಿಲ್ಲ. ನೀಲಿ ಹೋಗಲೇಬೇಕೆಂದು ಸಂಜೆ ಉಜ್ಜಿದ, ಬೆಳಿಗ್ಗೆ ಎದ್ದು ಮತ್ತೆ ಉಜ್ಜಿದ. ಯಾರೂ ಹೇಳಿರಲಿಲ್ಲ, ಅಳಲೂ ಇಲ್ಲ. ಕೊಳೆ ಎಲ್ಲಿದೆಯೆಂದು ಮೊದಲ ಸಲ ಅವನ ಕಣ್ಣಿಗೇ ಕಂಡಿತ್ತು. ಕೊನೆಗೆ ಲಲಿತಾ ಅವನನ್ನು ಕರೆದುಕೊಂಡು ಬಾಗಿಲಲ್ಲಿ ಬಂದು ನಿಂತಳು. “ಇವ ನನ್ನ ಮಾತ ಕೇಳವಲ್ಲ, ದೊಡ್ಡಮ್ಮಾ. ಒಳಗಿನ ಹೊಲಿಗಿ ನಿನಗ ಬರಂಗಿಲ್ಲ ಅಂತ ನನಗ ಹೇಳ್ತಾನ.”

ಅಷ್ಟರಲ್ಲಿ ಗುರುಬಸಮ್ಮ ಚೀಲಗಳನ್ನೆಲ್ಲ ಉಪ್ಪುನೀರಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಒಗೆದು, ಹೊಸ ಬ್ರಷ್ ಇಟ್ಟಿದ್ದರು. ಮಕ್ಕಳ ಎತ್ತರಕ್ಕೆ ಗೋಡೆಗೊಂದು ಕನ್ನಡಿಯೂ ಬಂತು. ಈಗ ಬಿಸ್ಕೀಟು ಹಿಡಿದು ಬಂದ ಮಗುವನ್ನು ಉಳಿದ ಮಕ್ಕಳೇ ಕನ್ನಡಿಯ ಮುಂದೆ ನಿಲ್ಲಿಸಿ ಬಾಯಿ ತೆರೆಸುತ್ತಾರೆ.

ಅಂಜಿನಿ ಈಗ ಶಾಲೆಗೆ ಹೋಗುತ್ತಾನೆ. ಕಪ್ಪು ಹಲ್ಲು ಬಿದ್ದು ಹೊಸದು ಮೂಡಿದೆ. ಬೇರೆ ಯಾವ ಹಲ್ಲಿಗೂ ಹುಳುಕು ಹತ್ತಿಲ್ಲ. ಓಣಿ ನೋಡಲು ಬಂದ ನನಗೆ ತೋರಿಸಲೆಂದು ಅವನು ಬಾಯಿ ತೆರೆದಾಗ ಗುರುಬಸಮ್ಮನ ಮುಖ ನೋಡಬೇಕಿತ್ತು, ಗೆದ್ದವರ ಮುಖ ಅದು.

ನಿಮಗೇನು ಆಸೆ ಎಂದು ಕೇಳುತ್ತೇನೆ.

“ಇವು ನನ್ನ ಮರತರೂ ಅಡ್ಡಿಯಿಲ್ರಿ. ಮುದುಕ್ರಾದಾಗೂ ತಮ್ಮ ಸ್ವಂತ ಹಲ್ಲಿನಾಗ ಶೇಂಗಾ ಕಡೀಬೇಕ್ರಿ. ಕಟುಂ ಅಂತ ಸಪ್ಪಳ ಬರಬೇಕು!”