ಡಾಕ್ಟರಕ್ಕನ ಕಾರು ನಾನು ಓಡಿಸಿದ ದಿನ

ಡಾಕ್ಟರಕ್ಕ ಕ್ಯಾರಿ ಎಂಬ ಊರಿಗೆ ಮನೆ ಬದಲಾಯಿಸಿ ಎಷ್ಟೋ ವರ್ಷಗಳಾದವು. ಅದಕ್ಕೂ ಮುಂಚೆ, ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಾವಿಬ್ಬರೂ ಒಂದೇ ಬೀದಿಯಲ್ಲಿದ್ದಾಗ, ಎರಡು ವರ್ಷ ನಾನು ಕೆಲಸಕ್ಕೆ ಹೋಗಿಬಂದದ್ದು ಅವರ ಕಾರಿನಲ್ಲೇ. ಅವರು ಮಕ್ಕಳ ಡಾಕ್ಟರು, ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವರದು ವಿಜಯಪುರ, ನನ್ನದು ಮೈಸೂರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮುಕ್ಕಾಲು ಗಂಟೆಯ ದಾರಿ ಅವರ ಮಾತಿನಲ್ಲಿ ಸವೆದದ್ದೇ ತಿಳಿಯುತ್ತಿರಲಿಲ್ಲ.

ಎರಡನೆಯ ವರ್ಷದ ಡಿಸೆಂಬರಿನಲ್ಲಿ ಅವರು ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿತ್ತು, ಲೈಸೆನ್ಸ್ ಇದ್ದೂ ಕಾರಿಲ್ಲದ ನನ್ನ ಕೈಗೆ ಅವರ ಕಾರಿನ ಕೀ ಬಂತು. ಮರುವಾರವೇ ಆ ಚಳಿಗಾಲದ ಮೊದಲ ಭಾರಿ ಹಿಮ. ಹಿಂದಿನ ವರ್ಷ ಹಿಮ ಬಿದ್ದಾಗಲೆಲ್ಲ ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೆ, ಅಷ್ಟೇ. ಶಾಲೆ, ಆಫೀಸುಗಳಿಗೆಲ್ಲ ರಜೆ. ಆಸ್ಪತ್ರೆಗೆ ಎಲ್ಲಿಯ ರಜೆ?

ಬೆಳಿಗ್ಗೆ ಹೋದರೆ ಕಾರು ಒಂದು ಬಿಳಿ ದಿಬ್ಬದಂತೆ ನಿಂತಿತ್ತು. ನಾನು ಮುಂದಿನ ಗಾಜನ್ನಷ್ಟೇ ಒರೆಸಿ, "ಇಷ್ಟು ಸಾಕಲ್ವಾ ಅಕ್ಕಾ?" ಎಂದೆ.

"ಸಾಕಾಗೂದಿಲ್ಲ. ಬ್ರೇಕ್ ಹಾಕಿದ ಕೂಡ್ಲೆ ಟಾಪಿನ ಮ್ಯಾಲಿಂದು ಜಾರಿ ಗಾಜಿನ ಮ್ಯಾಲ ಬೀಳ್ತದ. ಪೂರಾ ತಗಿ," ಎಂದು ಎಡಗೈಯಲ್ಲಿ ಪೊರಕೆ ಕೊಟ್ಟರು.

ಕಾರಿನ ಹಿಂದೆ ಸಲಿಕೆ, ಕಂಬಳಿ, ಜೊತೆಗೆ ಸಾಕುಬೆಕ್ಕಿನ ಕಕ್ಕಸು ತೊಟ್ಟಿಗೆ ಹಾಕುವ ಮರಳಿನ ಚೀಲವೊಂದಿತ್ತು. ಅವರು ಬೆಕ್ಕು ಸಾಕಿದವರಲ್ಲ. ಕೇಳಿದರೆ, "ಗಾಲಿ ಸಿಕ್ಕೊಂಡಾಗ ತಿಳೀತದ," ಎಂದರು.

ನಮ್ಮ ಬೀದಿ ದಾಟುವಷ್ಟರಲ್ಲೇ ಕಾರು ಎರಡು ಸಲ ಮುಗ್ಗರಿಸಿತು.

"ರೊಟ್ಟಿ ಬಡೀಲಿಕ್ಕೆ ಬರ್ತದೇನು ನಿನಗ?"

"ಇಲ್ಲ ಅಕ್ಕಾ, ನಮ್ಮನೇಲಿ ಮುದ್ದೆ."

"ಅದಕ್ಕ ಹಿಂಗ ಒತ್ತೀದಿ. ರೊಟ್ಟಿಗೆ ಕೈ ಇಟ್ಟಂಗ ಹಗೂರ ಇಡು ಕಾಲು."

ದೊಡ್ಡ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತು ಮೈಲಿಗಿಂತ ಹೆಚ್ಚಿಗೆ ಹೋಗಲಿಲ್ಲ. ಮುಂದಿನ ಗಾಡಿಗೂ ನಮಗೂ ನಡುವೆ ಮೂರು ನಾಲ್ಕು ಬಸ್ಸು ಸಾಲಾಗಿ ನಿಲ್ಲುವಷ್ಟು ಜಾಗ ಬಿಡಿಸಿದರು. ಹಿಂದಿನವರು ಹಾರ್ನ್ ಮಾಡಿದರೆ, "ಮಾಡ್ಲಿ ಬಿಡು," ಎನ್ನುತ್ತಿದ್ದರು.

ಒಂದು ಇಳಿಜಾರಿನಲ್ಲಿ ಮುಂದೆ ಹೋಗುತ್ತಿದ್ದ ಪಿಕಪ್ ಟ್ರಕ್ ಗಿರ್ರನೆ ತಿರುಗಿ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ನಾನು ಬ್ರೇಕ್ ಒತ್ತಿದೆ. ಅದು ಕಾಲಡಿಯಲ್ಲಿ ಗಡಗಡ ನಡುಗಿತು. ಏನೋ ಮುರಿಯಿತೆಂದು ಹೆದರಿ ಕಾಲೆತ್ತಿದೆ.

"ಎತ್ತಬ್ಯಾಡ. ಅದು ನಡಗೂದ ಹಂಗ. ಒತ್ತಿ ಹಿಡಿ. ಟ್ರಕ್ ನೋಡಬ್ಯಾಡ, ಬಲಕ್ಕ ಖಾಲಿ ಐತಲ್ಲ, ಅದನ್ನ ನೋಡು."

ಅವರ ದನಿ ಒಂದಿಷ್ಟೂ ಏರಲಿಲ್ಲ. ನಾನು ಬಲಕ್ಕೆ ನೋಡಿದೆ, ಕೈಗಳೂ ಅತ್ತಲೇ ತಿರುಗಿದವು. ಕಾರು ಜಾರುತ್ತ ಹೋಗಿ ಅಂಚಿನ ಹಿಮದಲ್ಲಿ ಮೆಲ್ಲಗೆ ಹೂತು ನಿಂತಿತು. ಟ್ರಕ್ಕಿನಲ್ಲಿದ್ದವನು ಕಿಟಕಿ ಇಳಿಸಿ, ನಮಗೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದೆ ಮುಂದೆ ಸರಿಸಿ ಗಾಡಿ ನೇರ ಮಾಡಿಕೊಂಡು ಹೋದ. ನಮ್ಮ ಚಕ್ರ ಮಾತ್ರ ನಿಂತಲ್ಲೇ ಸುತ್ತುತ್ತಿತ್ತು. ನಾನಿಳಿದು ಸಲಿಕೆಯಿಂದ ಹಿಮ ಕೆದಕಿದೆ. ಅಕ್ಕ ಚೀಲವನ್ನು ಎಡಗಂಕುಳಲ್ಲಿ ಅವುಚಿಕೊಂಡು, ರಂಗೋಲಿ ಪುಡಿ ಉದುರಿಸಿದಂತೆ ಚಕ್ರದ ಮುಂದೆ ಮರಳು ಸುರಿದರು. ಮೂರನೆಯ ಸಲಕ್ಕೆ ಕಾರು ಮೇಲೆದ್ದಿತು.

ಆಸ್ಪತ್ರೆ ಮುಟ್ಟಲು ಎರಡು ಗಂಟೆಯ ಮೇಲಾಯಿತು. ಅವರು ಸೀದಾ ವಾರ್ಡಿಗೆ ಹೋದರು. ನಾನು ಲ್ಯಾಬಿನತ್ತ ನಡೆದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರು ಕುಂಟುತ್ತ ಬಂದರು. ಏನಾಯಿತೆಂದು ಗಾಬರಿಯಿಂದ ಕೇಳಿದೆ.

"ಮುಂಜಾನಿಂದ ನಾನೂ ಬ್ರೇಕ್ ಒತ್ಕೋಂತ ಬಂದೀನಿ. ನನ್ನ ಕಡಿ ಬ್ರೇಕೇ ಇಲ್ಲ. ಮೀನಖಂಡ ಹಿಡ್ಕೊಂಡದ."

"ನಿಮ್ಗೂ ಭಯ ಆಗಿತ್ತಾ?"

"ಆಗದ ಏನು? ತೋರಿಸಿದ್ರ ಇಬ್ರೂ ಅಲ್ಲೇ ಹಿಮದಾಗ ಕೂಡ್ರಬೇಕಾಗ್ತಿತ್ತು."

ಇಬ್ಬರೂ ನಕ್ಕೆವು. ನಾನು ಕಣ್ಣೊರೆಸಿಕೊಂಡೆ, ನಗುವಿಗೇ ಬಂದ ನೀರೆಂದು ಆಗ ಅಂದುಕೊಂಡಿದ್ದೆ; ಬೆಳಗಿನ ಭಯ ಹಾಗೆ ಹೊರಬಿದ್ದದ್ದೆಂದು ತಿಳಿದದ್ದು ಆಮೇಲೆ.

ಸಂಜೆಯ ಹೊತ್ತಿಗೆ ಉಪ್ಪು ಹಾಕಿ ರಸ್ತೆ ಚೊಕ್ಕಟ ಮಾಡಿದ್ದರು. ನಾನೇ ಓಡಿಸಿದೆ. ಅರ್ಧ ದಾರಿ ಮುಗಿದಾಗ ಪಕ್ಕದಲ್ಲಿ ಮಾತು ನಿಂತಿತು. ತಿರುಗಿ ನೋಡಿದರೆ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ನಿದ್ದೆ ಹೋಗಿದ್ದರು. ಅವರಿಗೆ ಎಚ್ಚರವಾಗದಿರಲೆಂದು, ಸಣ್ಣಗೆ ಹಾಡುತ್ತಿದ್ದ ರೇಡಿಯೋ ನಿಲ್ಲಿಸಿದೆ.