ಗಾಲಿ ಬಡಿಯುವವನ ಕಿವಿ

ರೈಲು ಶೆಡ್ಡಿನವರು ಅವನಿಗೆ ಇಟ್ಟ ಹೆಸರು ಠಣ್‌ಮಾವ. ಕೆಲಸವೇ ಅದು: ಗಾಡಿ ಹೊರಡುವ ಮುನ್ನ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಗಾಲಿಗೂ ಬಡಿದು ಕಿವಿಗೊಡುವುದು. ಗಟ್ಟಿ ಗಾಲಿ ಠಣ್ ಎಂದು ಬಹಳ ಹೊತ್ತು ಗುಂಯ್‌ಗುಡುತ್ತದೆ. ಬಿರುಕು ಬಿಟ್ಟದ್ದು ದಪ್ಪೆಂದು ಅಲ್ಲೇ ಸಾಯುತ್ತದೆ. ಕಬ್ಬಿಣ ನಡುಗಿದರೆ ಗಾಳಿ ನಡುಗುತ್ತದೆ, ಗಾಳಿ ನಡುಗಿದರೆ ಕಿವಿಯ ತಮಟೆ ನಡುಗುತ್ತದೆ. ನಡುವೆ ಬಿರುಕಿದ್ದರೆ ನಡುಕ ಅಲ್ಲೇ ಮುಗ್ಗರಿಸುತ್ತದೆ. ಇಷ್ಟೇ ವಿದ್ಯೆ. ಇದರಲ್ಲೇ ಅವನ ತಲೆ ಬೆಳ್ಳಗಾಗಿತ್ತು.

ಈಚೆಗೆ ಮನೆಯಲ್ಲಿ ಹೆಂಡತಿಯ ಗೊಣಗಾಟ ಶುರುವಾಗಿತ್ತು. "ಕುಕ್ಕರ್ ಬಾಯಿ ಬಡ್ಕೊಂಡ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತೀರಲ್ಲ, ಕಿವೀಲಿ ಹತ್ತಿ ಬೆಳೀತಿದೀರಾ?"

"ಎಲ್ಲೋ ಇಂಜಿನ್ನು ಗುಡುಗಿದ್ರೆ ನಂಗಿಲ್ಲಿ ಕೇಳುತ್ತೆ ಕಣೇ. ನಿನ್ನ ಕುಕ್ಕರ್ರೇ ಸರಿ ಇಲ್ಲ."

ಮೋಸ ಇದ್ದದ್ದು ಅಲ್ಲೇ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ, ಅದರ ತುಂಬ ಕೂದಲಿನಂಥ ಎಳೆಗಳು. ಚೂಪು ದನಿ ಹಿಡಿಯುವವು ಬಾಗಿಲಲ್ಲೇ ಕೂತಿವೆ, ದಪ್ಪ ದನಿಯವು ಒಳಮನೆಯಲ್ಲಿ. ಎಲ್ಲ ಸದ್ದೂ ಹೊಸ್ತಿಲು ತುಳಿದೇ ಒಳಗೆ ಹೋಗಬೇಕಲ್ಲ. ಬಾಗಿಲಿನವು ಮೊದಲು ಸವೆದುಹೋದವು. ಗುಡುಗು ಕೇಳುತ್ತಿತ್ತು, ಸೀಟಿ ಕೇಳುತ್ತಿರಲಿಲ್ಲ.

ಅನುಮಾನ ಬಂದದ್ದು ಅಳಿಯನಿಗೆ. ಅದೇ ಶೆಡ್ಡಿನಲ್ಲಿ ಬೋಗಿ ಜೋಡಿಸುವವನು. ಹಿಂದಿನಿಂದ ಕರೆದರೆ ತಿರುಗದ ಮನುಷ್ಯ ಗಾಲಿಯನ್ನು ಹೇಗೆ ಕೇಳಿಸಿಕೊಳ್ಳುತ್ತಾನೆ? ಒಂದು ಬೆಳಿಗ್ಗೆ, ಮಾವ ಬಡಿದು ಕಳಿಸಿದ ಸಾಮಾನು ಗಾಡಿ ಹೊರಟುಹೋದ ಮೇಲೆ, ನಿಂತಿದ್ದ ಖಾಲಿ ಬೋಗಿಗೆ ಗುಟ್ಟಾಗಿ ಬ್ರೇಕು ಬಿಗಿದ. ಬ್ರೇಕು ಒತ್ತಿ ಹಿಡಿದ ಗಾಲಿ ಎಷ್ಟೇ ಗಟ್ಟಿಯಿರಲಿ, ಕೈಯಿಟ್ಟ ಕಂಚಿನ ತಟ್ಟೆಯ ಹಾಗೆ ಮೂಕ.

ಠಣ್‌ಮಾವ ಬಂದ, ಬಡಿದ. "ಚೊಕ್ಕ ಇದೆ."

"ಮಾವ, ಕೋಪ ಮಾಡ್ಕೋಬೇಡಿ. ಏನು ಕೇಳಿಸ್ತು?"

"ಇನ್ನೇನು, ಸಂಗೀತಾನಾ? ಠಣ್ ಅಂತು."

"ಬ್ರೇಕ್ ಹಾಕಿದೀನಿ."

ಬಗ್ಗಿ ನೋಡಿದ. ಮತ್ತೆ ಬಡಿದ. ಮತ್ತೆ ಠಣ್ ಎಂದೇ ಕೇಳಿತು. ಕಿವಿ ಕೊಡದ್ದನ್ನು ತಲೆ ತುಂಬಿಕೊಡುತ್ತಿತ್ತು. ಕೈ ಬೀಸಿದೊಡನೆ ಹಳೆಯ ನಾದ ತಾನಾಗಿ ಎದ್ದು ಬರುತ್ತಿತ್ತು.

"ಯಾರಿಗೂ ಹೇಳಲ್ಲ ಮಾವ. ಹುಷಾರಿಲ್ಲ ಅಂತ ಹೇಳಿ ಮರ್ಯಾದೆಯಾಗಿ ಕೆಲಸ ಬಿಟ್ಬಿಡಿ."

"ಈಗ ಹೋದ ಗಾಡಿ? ಅದರ ಡ್ರೈವರು, ಗಾರ್ಡು?"

ಸುತ್ತಿಗೆ ಹಿಡಿದುಕೊಂಡೇ ಫೋರ್‌ಮನ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. "ಇಷ್ಟು ದಿನ ಬಾಯಿಗೇನು ಬಂದಿತ್ತಯ್ಯಾ!" ಎನ್ನುತ್ತಲೇ ಫೋರ್‌ಮನ್ ಫೋನೆತ್ತಿದ. ಮುಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿ ಗಾಲಿಗಳನ್ನು ಬಡಿದು ನೋಡಿದರು. ಬಾಲದ ಕಡೆಯ ಒಂದು ಗಾಲಿ ದಪ್ಪೆಂದಿತು.

ಆ ಬೋಗಿಯನ್ನು ಕಳಚಿ, ಮೆಲ್ಲಗೆ ಎಳೆಸಿ ಸಂಜೆಗೆ ಶೆಡ್ಡಿಗೆ ತಂದರು. ಈ ಸಲ ಬ್ರೇಕು ಬಿಗಿದಿರಲಿಲ್ಲ. ಗಾಲಿಯ ನಡುವಿನಿಂದ ಅಂಚಿನವರೆಗೆ ಉಗುರು ತೂರುವಷ್ಟು ಬಿರುಕು. ಠಣ್‌ಮಾವ ಅದನ್ನು ಬೆರಳಲ್ಲಿ ಸವರಿ ನೋಡಿ, ಬಡಿದ. ಸುತ್ತ ನಿಂತವರಿಗೆಲ್ಲ ಒದ್ದೆ ಕೊರಡಿಗೆ ಹೊಡೆದಂಥ ಸದ್ದು.

"ಈಗ ಗೊತ್ತಾಯ್ತಾ ಮಾವ?" ಅಳಿಯ ಮೆಲ್ಲಗೆ ಕೇಳಿದ.

"ಚೊಕ್ಕ ಇದೆ ಅಂತಾನೇ ಕೇಳ್ತಿದೆ ಕಣಪ್ಪ."

ಫೋರ್‌ಮನ್ ಹೆಗಲ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡಯ್ಯ. ಸಿಕ್ತಲ್ಲ."

"ಇದು ಸಿಕ್ತು ಸಾರ್. ನಿನ್ನೆ ಬಿಟ್ಟವು? ಮೊನ್ನೆಯವು?"

ಫೋರ್‌ಮನ್ ಫೋನಿದ್ದ ಕೋಣೆಯತ್ತ ಓಡಿದ.